ನುಡಿ–ಯೂನಿಕೋಡ್ ಪರಿವರ್ತಕ: ಬಿಲ್ಡ್ ವ್ಯವಸ್ಥೆಯನ್ನು ಬದಲಿಸಿದ್ದು

ಹಳೆಯ ನುಡಿ ಅಕ್ಷರವಿನ್ಯಾಸದ ಕಡತಗಳನ್ನು ಯೂನಿಕೋಡ್‌ಗೆ ತರುವ ಈ ಪ್ರೋಗ್ರಾಮಿಗೆ ಕಳೆದ ತಿಂಗಳು ಹೊಸ ಸೌಲಭ್ಯ ಯಾವುದನ್ನೂ ಸೇರಿಸಿಲ್ಲ. ಬಿಡುವಿನ ಸಂಜೆಗಳೆಲ್ಲ, ಸೋರ್ಸ್ ಫೈಲುಗಳಿಂದ ಓಡುವ ಪ್ರೋಗ್ರಾಮನ್ನು ಕಟ್ಟಿಕೊಡುವ ಬಿಲ್ಡ್ ವ್ಯವಸ್ಥೆಗೇ ಹೋದವು. ನಾನೊಬ್ಬನೇ ಲಿನಕ್ಸ್‌ನಲ್ಲಿ ಕೆಲಸ ಮಾಡುತ್ತಿದ್ದಾಗ ಮೇಕ್ ಎಂಬ ಬಿಲ್ಡ್ ಸಾಧನಕ್ಕೆ ಸೂಚನೆ ಕೊಡುವ, ಕೈಯಿಂದ ಬರೆದ ಮೇಕ್‌ಫೈಲ್ ಸಾಕಾಗಿತ್ತು. 1976ರಲ್ಲಿ ಬೆಲ್ ಲ್ಯಾಬ್ಸ್‌ನ ಸ್ಟುವರ್ಟ್ ಫೆಲ್ಡ್‌ಮನ್ ರಚಿಸಿದ ಮೇಕ್, ಟ್ಯಾಬ್ ಇರಬೇಕಾದಲ್ಲಿ ಸ್ಪೇಸ್ ಬಿದ್ದರೆ ಇಂದಿಗೂ ಮುನಿಸಿಕೊಳ್ಳುತ್ತದೆ ಎಂಬುದನ್ನು ಬಿಟ್ಟರೆ ಅದರ ಮೇಲೆ ನನಗೆ ದೂರಿಲ್ಲ. ಆದರೆ ಈಗ ವಿಂಡೋಸ್‌ನಲ್ಲಿ ಒಬ್ಬರು, ಮ್ಯಾಕ್‌ನಲ್ಲಿ ಒಬ್ಬರು ನೆರವಿಗೆ ಬಂದಿದ್ದಾರೆ. ಹಾಗಾಗಿ ಮೂರೂ ಕಡೆ ನಡೆಯುವ ಬಿಲ್ಡ್ ವ್ಯವಸ್ಥೆಯೊಂದನ್ನು ಹುಡುಕಬೇಕಾಯಿತು.

ಆಟೋಟೂಲ್ಸ್‌ಗೆ ವಿಂಡೋಸ್‌ನಲ್ಲಿ ಯುನಿಕ್ಸ್ ಶೆಲ್‌ನಂಥ ಪರಿಸರವನ್ನೇ ಒದಗಿಸಬೇಕಾದ್ದರಿಂದ ಅದನ್ನು ಮೊದಲೇ ಕೈಬಿಟ್ಟೆ. ಗೂಗಲ್ 2015ರಲ್ಲಿ ಮುಕ್ತಗೊಳಿಸಿದ ಬೇಜೆಲ್, ಹನ್ನೊಂದು ಸೋರ್ಸ್ ಫೈಲುಗಳ ಯೋಜನೆಗೆ ತೀರಾ ಭಾರ. ಉಳಿದದ್ದು ಮೆಸನ್ ಮತ್ತು ಸಿಮೇಕ್.

ಮೊದಲು ಒಲಿದದ್ದು ಮೆಸನ್. ಯುಸಿ ಪಕ್ಕಾನೆನ್ ಆರಂಭಿಸಿದ, ಪೈಥಾನ್‌ನಲ್ಲಿ ಬರೆಯಲಾದ ಈ ವ್ಯವಸ್ಥೆಯ ಭಾಷೆ ಓದಿದೊಡನೆ ಅರ್ಥವಾಗುತ್ತದೆ. ಎರಡೇ ಸಂಜೆಗಳಲ್ಲಿ ಮೂರೂ ಕಡೆ ಬಿಲ್ಡ್ ಆಯಿತು, ಪರೀಕ್ಷೆಗಳೂ ಪಾಸಾದವು. ಹಾಗಿದ್ದೂ ಅದನ್ನು ಬಿಡಬೇಕಾಯಿತು. ವಿಂಡೋಸ್‌ನಲ್ಲಿ ನೆರವಾಗುತ್ತಿರುವವರು ವಿಷುಯಲ್ ಸ್ಟುಡಿಯೋ ಬಿಟ್ಟು ಬೇರೇನನ್ನೂ ಸ್ಥಾಪಿಸಲೊಲ್ಲರು. 2017ರ ಆವೃತ್ತಿಯಿಂದೀಚೆಗೆ ಅದು ಸಿಮೇಕ್ ಯೋಜನೆಯ ಫೋಲ್ಡರನ್ನು ನೇರವಾಗಿ ತೆರೆಯುತ್ತದೆ. ಮೇಲಾಗಿ, ಮುಂದೆ, ಕಿಟಕಿ-ಗುಂಡಿಗಳನ್ನು ಒದಗಿಸುವ ಕ್ಯೂಟಿ 6 ಲೈಬ್ರರಿಯಲ್ಲಿ ಈ ಪ್ರೋಗ್ರಾಮಿಗೆ ಒಂದು ಕಿಟಕಿ ಕಟ್ಟುವ ಆಸೆ ನನಗಿದೆ, ಮತ್ತು ಕ್ಯೂಟಿ 6 ಸ್ವತಃ ಬಿಲ್ಡ್ ಆಗುವುದು ಸಿಮೇಕ್‌ನಿಂದಲೇ. ಸಿಮೇಕ್‌ನ ಭಾಷೆ ಚೆಂದವೆಂದು ನಾನು ಹೇಳಲಾರೆ. ಅಲ್ಪವಿರಾಮದ ಜಾಗದಲ್ಲಿ ಅರ್ಧವಿರಾಮವಿಟ್ಟು ಪಟ್ಟಿ ಮಾಡುವ ಅದರ ರೂಢಿಗೆ ಕಣ್ಣು ಇನ್ನೂ ಹೊಂದಿಕೊಂಡಿಲ್ಲ.

ಸಿಮೇಕ್‌ಗೆ ಬದಲಿಸಿದ ದಿನವೇ ವಿಂಡೋಸ್‌ನಲ್ಲಿ ಪರೀಕ್ಷೆಗಳೆಲ್ಲ ಬಿದ್ದವು. ‘ಕ’ ಬರಬೇಕಾದಲ್ಲಿ ತಲೆಯ ಮೇಲೆ ಗೆರೆಯಿರುವ ಲ್ಯಾಟಿನ್ ‘ಎ’, ಪುಟ್ಟದೊಂದು 2, ಕೊನೆಗೆ ದಪ್ಪನೆಯ ಚುಕ್ಕೆ ಕಾಣಿಸಿಕೊಂಡವು. ಸೋರ್ಸ್ ಒಂದಕ್ಷರವೂ ಬದಲಾಗಿರಲಿಲ್ಲವಾದ್ದರಿಂದ ಮೂರು ದಿನ ತಲೆ ಕೆಡಿಸಿಕೊಂಡೆ. ಯೂನಿಕೋಡನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8ರಲ್ಲಿ ಕನ್ನಡದ ಪ್ರತಿಯೊಂದು ಕೋಡ್ ಪಾಯಿಂಟ್, ಅಂದರೆ ಅಕ್ಷರಕ್ಕೆ ಯೂನಿಕೋಡ್ ಕೊಟ್ಟಿರುವ ಸಂಖ್ಯೆ, ಮೂರು ಬೈಟುಗಳಾಗಿ ಕೂರುತ್ತದೆ. ಫೈಲಿನ ತಲೆಯಲ್ಲಿ ಗುರುತಿನ ಬೈಟುಗಳಿಲ್ಲದಿದ್ದರೆ, ಯಾವ ಆಯ್ಕೆಯನ್ನೂ ಕೊಡದಿದ್ದಾಗ, ವಿಷುಯಲ್ ಸ್ಟುಡಿಯೋದ ವಿಷುಯಲ್ ಸಿ ಪ್ಲಸ್ ಪ್ಲಸ್ ಕಂಪೈಲರ್ ಅದನ್ನು ಆ ಕಂಪ್ಯೂಟರಿನ ಕೋಡ್ ಪೇಜಿನಂತೆ, ಅಂದರೆ ಅದರಲ್ಲಿ ನಿಗದಿಯಾಗಿರುವ ಹಳೆಯ ಅಕ್ಷರ ಸಂಕೇತಗಳ ಪಟ್ಟಿಯಂತೆ, ಓದುತ್ತದೆ. ಇಲ್ಲಿ ಅದು ಪಶ್ಚಿಮ ಯುರೋಪಿನ ಭಾಷೆಗಳ 1252 ಆಗಿತ್ತು. ನುಡಿಯ ಸಂಕೇತಗಳಿಗೆ ಯೂನಿಕೋಡ್ ಅಕ್ಷರಗಳನ್ನು ಹೊಂದಿಸುವ ನನ್ನ ಕೋಷ್ಟಕದಲ್ಲಿದ್ದವು 16 ಬಿಟ್‌ನ ಅಕ್ಷರಗಳಾದ್ದರಿಂದ ‘ಕ’ದ ಮೂರು ಬೈಟುಗಳೂ ಒಂದೊಂದು ಬೇರೆ ಅಕ್ಷರವಾಗಿ ನಿಂತವು. ಮೆಸನ್ ಈ ಕಂಪೈಲರಿಗೆ ಯುಟಿಎಫ್-8 ಆಯ್ಕೆಯನ್ನು ಕೇಳದೆಯೇ ಸೇರಿಸುತ್ತಿತ್ತು, ಸಿಮೇಕ್ ಸೇರಿಸುವುದಿಲ್ಲ. ದಾಖಲೆ ಓದದೆ ಹೊರಟ ತಪ್ಪು ನನ್ನದೇ. ಆ ಕಂಪೈಲರಿಗೆ ಮಾತ್ರ ಅನ್ವಯಿಸುವಂತೆ ಒಂದು ಸಾಲು ಬರೆದ ಮೇಲೆ ‘ಕ’ ಮತ್ತೆ ‘ಕ’ ಆಯಿತು.

ಇನ್ನೊಂದು ತೊಡಕು ಲಿನಕ್ಸ್‌ನಲ್ಲಿ ಎದುರಾಯಿತು. ಪರೀಕ್ಷೆಗೆಂದು ಹಿಂದೆಂದೋ ನಕಲಿಸಿಕೊಂಡಿದ್ದ ಪುಟ್ಟ ಲೈಬ್ರರಿಯೊಂದು ತನಗೆ ಸಿಮೇಕ್ 2.8.12 ಸಾಕೆಂದು ಘೋಷಿಸಿಕೊಂಡಿತ್ತು. 2025ರಲ್ಲಿ ಬಂದ ಸಿಮೇಕ್ 4.0, 3.5ಕ್ಕಿಂತ ಹಳೆಯವುಗಳೊಂದಿಗಿನ ಹೊಂದಾಣಿಕೆಯನ್ನು ತೆಗೆದುಹಾಕಿರುವುದರಿಂದ ಬಿಲ್ಡ್ ಮೊದಲ ಹೆಜ್ಜೆಯಲ್ಲೇ ನಿಂತಿತು. ಲೈಬ್ರರಿಯ ಹೊಸ ಆವೃತ್ತಿಯನ್ನು ತಂದುಕೊಂಡೆ, ನನ್ನ ಕನಿಷ್ಠ ಆವೃತ್ತಿಯನ್ನು 3.21 ಎಂದು ನಿಗದಿಪಡಿಸಿದೆ.

ಮೂರೂ ವ್ಯವಸ್ಥೆಗಳಿಗೆ ಒಂದೊಂದು ಪ್ರಿಸೆಟ್, ಅಂದರೆ ಸಿದ್ಧ ಆಯ್ಕೆಗಳ ಪಟ್ಟಿ, ಬರೆದಿಟ್ಟಿದ್ದೇನೆ: ಲಿನಕ್ಸ್ ಮತ್ತು ಮ್ಯಾಕ್‌ಗೆ ನಿಂಜಾ ಎಂಬ ಬಿಲ್ಡ್ ಸಾಧನ, ವಿಂಡೋಸ್‌ಗೆ ವಿಷುಯಲ್ ಸ್ಟುಡಿಯೋ. ಅಕ್ಷರ ಕೋಷ್ಟಕವನ್ನು, ಸೋರ್ಸ್ ಫೈಲುಗಳು ಸೇರಿಸಿಕೊಳ್ಳುವ ಹೆಡರ್ ಫೈಲಾಗಿಸುವ ಪೈಥಾನ್ ಸ್ಕ್ರಿಪ್ಟ್ ಈಗ ಬಿಲ್ಡ್‌ನ ಭಾಗವೇ ಆಗಿದೆ. ಕೋಷ್ಟಕವನ್ನು ತಿದ್ದಿದರೆ ಹೆಡರ್ ತಾನಾಗಿ ಹೊಸದಾಗುತ್ತದೆ. ಮ್ಯಾಕ್‌ನಲ್ಲಿ ಇಂಟೆಲ್ ಮತ್ತು ಆರ್ಮ್ ಎರಡರಲ್ಲೂ ನಡೆಯುವ ಒಂದೇ ಬೈನರಿ ಇನ್ನೂ ಆಗಬೇಕಿದೆ. ಅದು ಮುಗಿದೊಡನೆ, ಅರ್ಧಕ್ಕೆ ಬಿಟ್ಟಿರುವ ಅರ್ಕಾವತ್ತಿನ ಕೆಲಸವನ್ನು ಕೈಗೆತ್ತಿಕೊಳ್ಳುತ್ತೇನೆ: ‘ಧರ್ಮ’ದಲ್ಲಿ ನುಡಿಯ ಕಡತ ‘ಮ’ದ ನಂತರ ಇಡುವ ಆ ಗುರುತನ್ನು ‘ಮ’ದ ಹಿಂದಕ್ಕೆ ತಂದು ಅರ್ಧ ರಕಾರವಾಗಿಸಬೇಕು, ಮತ್ತು ಒತ್ತಕ್ಷರದ ಮೇಲೆ ಬಂದಾಗ ಅದು ಎಷ್ಟು ಹಿಂದಕ್ಕೆ ಸರಿಯಬೇಕೆಂಬುದನ್ನು ನನ್ನ ಪ್ರೋಗ್ರಾಮ್ ಇನ್ನೂ ಸರಿಯಾಗಿ ಎಣಿಸುತ್ತಿಲ್ಲ.