ಮಿಕ್ಕಿನ ಬರೆದ ಕೈ
ಮಿಕ್ಕಿ ಮೌಸ್ ಅಂದ್ರೆ ಎಲ್ರಿಗೂ ವಾಲ್ಟ್ ಡಿಸ್ನಿನೇ ನೆನಪಾಗೋದು, ಆದ್ರೆ ಆ ಇಲಿನ ಪೇಪರ್ ಮೇಲೆ ಓಡಾಡ್ಸಿದ್ದು ಅವ್ನ ಜೊತೆಗಿದ್ದ ಅನಿಮೇಟರ್ ಅಬ್ ಐವರ್ಕ್ಸ್. 1928ರಲ್ಲಿ 'ಪ್ಲೇನ್ ಕ್ರೇಜಿ' ಅನ್ನೋ ಮಿಕ್ಕಿ ಕಾರ್ಟೂನ್‌ಗೆ ದಿನಕ್ಕೆ ಸುಮಾರು 700 ಚಿತ್ರ ಬರೀತಿದ್ನಂತೆ, ಅದೂ ಕದ್ದುಮುಚ್ಚಿ, ಯಾರಾದ್ರೂ ಬಂದ್ರೆ ಮೇಲೆ ಆಗ ಸ್ಟುಡಿಯೋ ಮಾಡ್ತಿದ್ದ ಆಸ್ವಾಲ್ಡ್ ಅನ್ನೋ ಮೊಲದ ಕಾರ್ಟೂನ್ ಹಾಳೆ ಎಳ್ಕೊಂಡು. (ನಂಗೆ ಏಳು ಬರೆದ್ರೇ ಬೆರಳು ನೋಯುತ್ತೆ.) 1930ರಲ್ಲಿ ಹೊರಗೋಗಿ ಸ್ವಂತ ಸ್ಟುಡಿಯೋ ಮಾಡ್ದ, ಫ್ಲಿಪ್ ಅನ್ನೋ ಕಪ್ಪೆ ಬಂತು, ಅಷ್ಟೇನೂ ಓಡ್ಲಿಲ್ಲ. 1940ರಲ್ಲಿ ವಾಪಸ್ ಡಿಸ್ನಿಗೇ ಬಂದ, ಆದ್ರೆ ಈ ಸಲ ಪೆನ್ಸಿಲ್ ಬಿಟ್ಟು ಕ್ಯಾಮೆರಾ, ಮಷೀನ್ ಹಿಂದೆ ಬಿದ್ದ. ನಂಗೆ ಜಾಸ್ತಿ ಇಷ್ಟ ಆಗೋದು ಈ ಭಾಗನೇ, ಪೆನ್ಸಿಲ್ ಗೆರೆನ ನೇರವಾಗಿ ಸೆಲ್ (ಅನಿಮೇಷನ್‌ಗೆ ಬಳಸೋ ಪಾರದರ್ಶಕ ಹಾಳೆ) ಮೇಲೆ ಜೆರಾಕ್ಸ್ ಮಾಡೋ ದಾರಿ ಮಾಡ್ಕೊಟ್ಟಿದ್ದು ಅವ್ನು, ಅದಿಲ್ದೇ ಇದ್ರೆ 1961ರ ಡಿಸ್ನಿ ಫಿಲ್ಮ್ '101 ಡಾಲ್ಮೇಷಿಯನ್ಸ್'ನಲ್ಲಿ ಆ ನೂರೊಂದು ನಾಯಿಗಳ ಚುಕ್ಕೆನೆಲ್ಲಾ ಕೈಯಲ್ಲಿ ಇಂಕ್ ಮಾಡೋರು ಯಾರು ಹೇಳಿ? ಆ ಫಿಲ್ಮಲ್ಲಿ ಗೆರೆ ಸ್ವಲ್ಪ ಒರಟೊರಟಾಗಿ ಕಾಣುತ್ತಲ್ಲ, ಅದು ಇದ್ರಿಂದಾನೇ.