ಚಿಕಿತ್ಸೆ ಮುಗಿದ ಮರುದಿನದ ಹೊಣೆ ಯಾರದು?

ಮದ್ಯ ಮತ್ತು ಮಾದಕವಸ್ತುಗಳ ವ್ಯಸನವನ್ನು ಎದುರಿಸಲು ಆಸ್ಪತ್ರೆ, ಪೊಲೀಸ್ ಇಲಾಖೆ, ಶಾಲೆ, ಸ್ಥಳೀಯ ಆಡಳಿತ ಮತ್ತು ಸ್ವಯಂಸೇವಾ ಸಂಸ್ಥೆಗಳು ಕೈಜೋಡಿಸಬೇಕೆಂಬುದನ್ನು ಈಗ ಯಾರೂ ಅಲ್ಲಗಳೆಯುವುದಿಲ್ಲ. ವ್ಯಸನಿಯೊಬ್ಬರು ಒಂದು ಸಂಸ್ಥೆಯಿಂದ ಹೊರಬಿದ್ದು ಇನ್ನೊಂದನ್ನು ತಲುಪುವ ನಡುವಿನ ದಿನಗಳಲ್ಲೇ ಈ ಕೈಜೋಡಿಸುವಿಕೆ ಎಷ್ಟು ಗಟ್ಟಿಯೆಂಬುದು ತಿಳಿಯುತ್ತದೆ ಎಂದು ನಾನು ದೃಢವಾಗಿ ನಂಬಿದ್ದೇನೆ.

ಹೆರಾಯಿನ್ ಸೇವಿಸುತ್ತಿದ್ದವರು ಜೈಲಿನಲ್ಲೋ ವ್ಯಸನಮುಕ್ತಿ ಕೇಂದ್ರದಲ್ಲೋ ಕೆಲವು ವಾರ ಅದರಿಂದ ದೂರವಿದ್ದರೆ, ಅದನ್ನು ತಾಳಿಕೊಳ್ಳುವ ದೇಹದ ಶಕ್ತಿ ಕುಗ್ಗುತ್ತದೆ. ಹೊರಬಂದ ಮೇಲೆ ಹಳೆಯ ಪ್ರಮಾಣವನ್ನೇ ತೆಗೆದುಕೊಂಡರೆ ಉಸಿರಾಟ ನಿಧಾನವಾಗುತ್ತದೆ, ತುಟಿಗಳು ನೀಲಿಗಟ್ಟುತ್ತವೆ, ಕೂಗಿದರೂ ಎಚ್ಚರವಾಗುವುದಿಲ್ಲ. ಆ ಹೊತ್ತಿನಲ್ಲಿ ನಲಾಕ್ಸೋನ್ ಎಂಬ ಔಷಧ ಜೀವ ಉಳಿಸಬಲ್ಲದು. ಇಂಥ ಸಂದರ್ಭಕ್ಕೆ ಸಾಕ್ಷಿಯಾಗುವ ಸಾಧ್ಯತೆಯಿರುವ ಎಲ್ಲರಿಗೂ ಅದು ಸಿಗುವಂತಿರಬೇಕು ಮತ್ತು ಅದರ ಬಳಕೆಯನ್ನು ಅವರಿಗೆ ಕಲಿಸಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2014ರಲ್ಲೇ ಶಿಫಾರಸು ಮಾಡಿದೆ. ಆದರೆ ಬಿಡುಗಡೆಯ ದಿನಾಂಕ ಜೈಲಿನ ಕಡತದಲ್ಲೂ ಔಷಧ ಆಸ್ಪತ್ರೆಯ ಕಪಾಟಿನಲ್ಲೂ ಉಳಿದುಬಿಟ್ಟರೆ ಆ ಶಿಫಾರಸಿನಿಂದ ಪ್ರಯೋಜನವೇನು?

ಮದ್ಯದ ವಿಷಯದಲ್ಲಿ ಅಪಾಯ ಬೇರೆ ರೀತಿಯದು. ವರ್ಷಗಟ್ಟಲೆ ವಿಪರೀತವಾಗಿ ಕುಡಿದವರು ಮನೆಯವರ ಒತ್ತಾಯಕ್ಕೆ ಒಮ್ಮೆಲೇ ನಿಲ್ಲಿಸಿದಾಗ ಮೊದಲ ದಿನವೇ ಕೈ ನಡುಗತೊಡಗಬಹುದು, ಫಿಟ್ಸ್ ಬರಬಹುದು. ಎರಡು ಮೂರು ದಿನಗಳಲ್ಲಿ ಕೆಲವರಿಗೆ ಜೀವಕ್ಕೇ ಎರವಾಗುವಂಥ ಸನ್ನಿ ಕಾಣಿಸಿಕೊಳ್ಳುತ್ತದೆ. ಈ ಮಾತನ್ನು ಕುಟುಂಬಗಳಿಗೆ ಮುಂಚಿತವಾಗಿ ತಿಳಿಸುವುದು ಯಾರ ಕೆಲಸವೆಂದು ಬಹುತೇಕ ಕಡೆ ನಿಗದಿಯಾಗಿರುವುದಿಲ್ಲ.

ಮಾಹಿತಿ ಹಂಚಿಕೊಳ್ಳುವುದಕ್ಕೂ ಮಿತಿಯಿರಬೇಕು. ಆಪ್ತಸಮಾಲೋಚಕರ ಬಳಿ ಹೇಳಿಕೊಂಡದ್ದು ಪೊಲೀಸರ ಕಿವಿಗೆ ಬೀಳುತ್ತದೆಂಬ ಅನುಮಾನ ಒಮ್ಮೆ ಹುಟ್ಟಿದರೆ, ನೆರವು ಅತ್ಯಗತ್ಯವಾದವರೇ ಮೊದಲು ದೂರ ಸರಿಯುತ್ತಾರೆ. ಆದ್ದರಿಂದ ವ್ಯಕ್ತಿಯ ಒಪ್ಪಿಗೆ ಪಡೆದು, ಚಿಕಿತ್ಸೆಗೆ ಬೇಕಾದಷ್ಟನ್ನು ಮಾತ್ರ ದಾಟಿಸಬೇಕು.

ತಡೆಗಟ್ಟುವಿಕೆಯಲ್ಲಿ ಐಸ್‌ಲ್ಯಾಂಡ್‌ನ ಅನುಭವ ಧೈರ್ಯ ಕೊಡುತ್ತದೆ. ಹಿಂದಿನ ತಿಂಗಳಲ್ಲಿ ಒಮ್ಮೆಯಾದರೂ ಅಮಲೇರುವಷ್ಟು ಕುಡಿದಿದ್ದ 15–16 ವರ್ಷದ ಮಕ್ಕಳ ಪ್ರಮಾಣ ಅಲ್ಲಿ 1998ರಲ್ಲಿ ಶೇ. 42ರಷ್ಟಿದ್ದದ್ದು 2016ರ ಹೊತ್ತಿಗೆ ಶೇ. 5ಕ್ಕೆ ಇಳಿಯಿತು. ಶಾಲೆಗಳ ಸಮೀಕ್ಷೆಯ ಫಲಿತಾಂಶ ಆಯಾ ಊರಿನ ಪೋಷಕರ ಕೈಸೇರುತ್ತಿತ್ತು, ಕ್ರೀಡೆ ಮತ್ತು ಸಂಗೀತಕ್ಕೆ ಆಡಳಿತವೇ ಹಣ ಒದಗಿಸುತ್ತಿತ್ತು. ಇಳಿಕೆಗೆ ಇದೊಂದೇ ಕಾರಣವೆನ್ನಲಾಗದಿದ್ದರೂ, ಈ ಕೆಲಸ ವರ್ಷಗಟ್ಟಲೆ ಬಿಡದೆ ನಡೆದದ್ದನ್ನು ನಾನು ಮುಖ್ಯವೆಂದು ಪರಿಗಣಿಸುತ್ತೇನೆ.

ಒಂದು ನಿಯಮವನ್ನಂತೂ ಎಲ್ಲ ಸಂಸ್ಥೆಗಳೂ ಕೈಬಿಡಬೇಕು: ಮತ್ತೆ ಕುಡಿದರೆಂದು, ಮತ್ತೆ ಸೇವಿಸಿದರೆಂದು ಹೆಸರು ಹೊಡೆದುಹಾಕುವುದು. ಮರುಕಳಿಸುವುದು ಈ ಕಾಯಿಲೆಯ ಸ್ವಭಾವ. ಹಾಗೆ ಮರುಕಳಿಸಿದವರಿಗೆ ಅದೇ ವಾರ ಫೋನ್ ಮಾಡಿ ವಾಪಸ್ ಕರೆಯುವ ಒಬ್ಬ ಕಾರ್ಯಕರ್ತರನ್ನು ಮೊದಲೇ ನೇಮಿಸಿರಬೇಕು.