ಅತ್ತೆಯ ಗೀಸರ್, ಅಕ್ಕನ ಪಕ್ಕದಮನೆ ಅಜ್ಜಿಯ ಹೀಟರ್

ಡಿಸೆಂಬರ್ ಬಂತು ಅಂದ್ರೆ ನಮ್ಮ ಶಿರಸಿ ಕಡೆ ಬೆಳಗ್ಗೆ ಕಂಬಳಿ ಬಿಟ್ಟು ಏಳೋದೇ ದೊಡ್ಡ ಕೆಲ್ಸ. ನಮ್ಮ ಅತ್ತೆಗೆ 78, ಮನೇಲಿ ಒಬ್ರೇ, ಎದ್ದವರೇ ಸೀದಾ ಬಚ್ಚಲೊಲೆ ಮುಂದೆ ಕೂತು ಒಂದೊಂದೇ ಹಿಡಿ ಅಡಿಕೆ ಸಿಪ್ಪೆ ಹಾಕ್ತಾ ಇರ್ತಾರೆ, ಹಂಡೆ ನೀರು ಕಾದ್ರೂ ಏಳಲ್ಲ.

ಮೊನ್ನೆ ಅಲ್ಲಿಂದಲೇ ಇಂಗ್ಲೆಂಡಲ್ಲಿರೋ ಅಕ್ಕಂಗೆ ವಿಡಿಯೋ ಕಾಲ್ ಮಾಡಿದ್ವಿ. ಅವಳು ಪಕ್ಕದಮನೆ ಅಜ್ಜಿ ಕತೆ ತೆಗೆದ್ಲು. ಅಲ್ಲಿ ವಯಸ್ಸಾದವರಿಗೆ ಮನೆ ಬೆಚ್ಚಗಿಟ್ಕೊಳ್ಳೋಕೆ ಅಂತಾನೇ ಸರ್ಕಾರ ದುಡ್ಡು ಕೊಡತ್ತೆ, ವಿಂಟರ್ ಫ್ಯೂಯಲ್ ಪೇಮೆಂಟ್ ಅಂತ, 1997ರಲ್ಲಿ ಶುರುವಾಗಿದ್ದು, 200 ಪೌಂಡ್, 80 ದಾಟಿದವರಿದ್ರೆ 300. 2024ರಲ್ಲಿ ಹಣಕಾಸು ಮಂತ್ರಿ ರೇಚಲ್ ರೀವ್ಸ್ ಬಂದು, ಇನ್ಮೇಲೆ ಪೆನ್ಷನ್ ಕ್ರೆಡಿಟ್ ಥರದ ಬಡವರ ಸಹಾಯಧನ ತಗೊಳ್ಳೋರಿಗೆ ಮಾತ್ರ ಅಂದ್ರು. ಒಬ್ರೇ ಇರೋರಿಗೆ ವಾರದ ಆದಾಯ ಸುಮಾರು 218 ಪೌಂಡಿನ ಒಳಗಿದ್ರೆ ಅದು ಸಿಗೋದು. ಈ ಅಜ್ಜಿಗೆ ಬರ್ತಿದ್ದಿದ್ದು ಅದಕ್ಕಿಂತ ಮೂರ್ನಾಲ್ಕು ಪೌಂಡ್ ಜಾಸ್ತಿ, ಅಷ್ಟಕ್ಕೇ 300 ಪೌಂಡೂ ಹೋಯ್ತು! ಏಳು ದಿನ ಸತತ ಸೊನ್ನೆ ಡಿಗ್ರಿ ಚಳಿ ಬಿದ್ರೆ 25 ಪೌಂಡ್ ಕೊಡೋ ಇನ್ನೊಂದು ಸ್ಕೀಮಿದೆ, ಅದಕ್ಕೂ ಅಜ್ಜಿ ಸೇರ್ಲಿಲ್ಲ. ಇಡೀ ಚಳಿಗಾಲ ಒಂದೇ ರೂಮಲ್ಲಿ ಹೀಟರ್ ಹಾಕ್ಕೊಂಡು, ಅದೂ ಸಂಜೆ ಮಾತ್ರ, ಕೋಟು ಹಾಕ್ಕೊಂಡೇ ಟಿವಿ ನೋಡಿದ್ರಂತೆ.

ಅತ್ತೆಗೆ ತಡಿಲಿಲ್ಲ. "ಅಲ್ದ ತಮಾ, ಅಲ್ಲಿ ಬಚ್ಚಲೊಲೆ ಇರ್ತಿಲ್ಯನ?"

2025ರ ಜೂನಲ್ಲಿ ಬೈಸ್ಕೊಂಡೂ ಬೈಸ್ಕೊಂಡೂ ಅಲ್ಲಿನ ಸರ್ಕಾರ ಆ ನಿರ್ಧಾರ ಬದಲಾಯಿಸ್ತು, ಈಗ ವರ್ಷಕ್ಕೆ 35,000 ಪೌಂಡಿನ ತನಕ ಆದಾಯ ಇದ್ದವರಿಗೆಲ್ಲ ಇದೆ, ಅದಕ್ಕಿಂತ ಮೇಲಿದ್ದವರ ಹತ್ರ ಟ್ಯಾಕ್ಸಲ್ಲಿ ವಾಪಸ್ ಹಿಡಿತಾರೆ. ನನಗೆ ಇದೇ ಸರಿ ಅನ್ಸತ್ತೆ, ಮೊದ್ಲು ಕೊಟ್ಬಿಡಿ, ಲೆಕ್ಕ ಆಮೇಲೆ ನೋಡ್ಕೊಳ್ಳಿ. ಎಂಬತ್ತರ ಮುದುಕಿ ಹತ್ರ ಮೊದ್ಲು ಅರ್ಜಿ ತುಂಬಿಸ್ತೀನಿ ಅಂದ್ರೆ ಅವಳು ಚಳೀಲೇ ಕೂತ್ಕೊಳ್ತಾಳೆ ಹೊರತು ಫಾರ್ಮ್ ತುಂಬಲ್ಲ.

ನಮ್ಮಲ್ಲಿ ಚಳಿಗೆ ಅಂತ ಬೇರೆ ದುಡ್ಡಿಲ್ಲ. ಅತ್ತೆಗೆ ಬರೋದು ಸಂಧ್ಯಾ ಸುರಕ್ಷಾದ ತಿಂಗಳ 1200. ಮತ್ತೆ ಗೃಹಜ್ಯೋತಿ. ಎಲ್ರೂ 200 ಯೂನಿಟ್ ಫ್ರೀ ಅಂತಾರಲ್ಲ, 200 ಅನ್ನೋದು ಮೇಲಿನ ಗಡಿ ಅಷ್ಟೇ, ಫ್ರೀ ಸಿಗೋದು 2022-23ರಲ್ಲಿ ನೀವು ಸರಾಸರಿ ಎಷ್ಟು ಉರಿಸಿದ್ರೋ ಅದರ ಮೇಲೆ ಶೇ 10, ತೀರಾ ಕಮ್ಮಿ ಉರಿಸೋರಿಗೆ ಆಮೇಲೆ ಅದನ್ನ 10 ಯೂನಿಟ್ ಅಂತ ಮಾಡಿದ್ರು. ಅತ್ತೆ ಆ ವರ್ಷ ಉರಿಸಿದ್ದು ತಿಂಗಳಿಗೆ ಮೂವತ್ತು ಯೂನಿಟ್, ಎರಡು ಬಲ್ಬು, ಒಂದು ಮಿಕ್ಸಿ. ಅಂದ್ರೆ ಫ್ರೀ ನಲವತ್ತು. ಅದೇ ಎರಡು ಫ್ರಿಜ್, ಗೀಸರ್ ಇಟ್ಕೊಂಡು ಆವಾಗ್ಲೇ ನೂರೈವತ್ತು ಉರಿಸ್ತಿದ್ದ ಮನೆಗೆ ನೂರರವತ್ತೈದು ಫ್ರೀ. ಉಳಿತಾಯ ಮಾಡಿದ್ದೇ ತಪ್ಪಾಯ್ತಲ್ಲ ಮಾರಾಯ್ರೆ!

ಹೋದ ವರ್ಷ ಭಾವ ಗೀಸರ್ ತಂದು ಹಾಕ್ಸಿದ್ರು, ಹೊಗೆ ಕುಡಿದು ಕೆಮ್ಮು ಬೇಡ ಅಂತ. ಮೊದಲ್ನೇ ತಿಂಗಳೇ ನಲವತ್ತರ ಮೇಲಿನ ಯೂನಿಟ್ಟಿಗೆ ಬಿಲ್ ಬಂತು. ಅತ್ತೆ ಚೀಟಿ ಎರಡು ಸಲ ಓದಿ, ಮಡಚಿ ದೇವರ ಗೂಡಲ್ಲಿಟ್ಟು, ಸ್ವಿಚ್ ಆಫ್ ಮಾಡಿದ್ರು. ಈಗ ಗೀಸರ್ ಪೈಪಿನ ಮೇಲೆ ಟವೆಲ್ ಒಣಗ್ತಿರತ್ತೆ.